ಸುತ್ತಿಗೆ ಎತ್ತಿದ ತೋಳು ಸಾಕೇ?

ಪ್ರಶ್ನೆ: ನಮ್ಮ ಕಾರ್ಮಿಕ ಸಂಘದ ಕಚೇರಿಯ ಮುಂದೆ ಕೆಲಸಗಾರನ ಪ್ರತಿಮೆಯೊಂದನ್ನು ನಿಲ್ಲಿಸಬೇಕೆಂದು ಸಮಿತಿ ತೀರ್ಮಾನಿಸಿದೆ. ಹೆಚ್ಚಿನವರ ಮನಸ್ಸಿನಲ್ಲಿರುವುದು ಸುತ್ತಿಗೆ ಎತ್ತಿ ಹಿಡಿದ, ಹುರಿಗಟ್ಟಿದ ಮೈಯ ಕಂಚಿನ ಆಳು. ಇಂಥ ಪ್ರತಿಮೆಗಳ ಚಿತ್ರಗಳನ್ನು ಬೇಕಾದಷ್ಟು ನೋಡಿದ್ದೇನೆ. ನೋಡಿದ ಮೇಲೆ ದುಡಿಮೆಯ ಬಗ್ಗೆಯಾಗಲಿ ಅಸಮಾನತೆಯ ಬಗ್ಗೆಯಾಗಲಿ ಹೊಸದೇನೂ ಹೊಳೆದಿಲ್ಲ. ಶಿಲ್ಪಕ್ಕೆ ನಿಜವಾಗಿ ಸಮಾಜವನ್ನು ಪ್ರಶ್ನಿಸಲು ಆಗುತ್ತದೆಯೇ, ಇಲ್ಲ ಅದು ಬರೀ ಅಲಂಕಾರವೇ? ಇನ್ನೊಂದು ಮಾತು: ಬಡವರ ಕಷ್ಟ ತೋರಿಸುವ ಕಲಾಕೃತಿಯನ್ನು ಕೊಳ್ಳುವವರು ಸಿರಿವಂತರು, ಅದಕ್ಕಾಗಿ ಬೆವರು ಸುರಿಸುವವರು ಹೆಸರಿಲ್ಲದ ಕೆಲಸಗಾರರು. ಇದು ಬೂಟಾಟಿಕೆಯಲ್ಲವೇ?

ಉತ್ತರ: ನಿಮ್ಮ ಅನುಮಾನದಲ್ಲಿ ಹುರುಳಿದೆ. ದುಡಿಯುವವನನ್ನು ಹೊಗಳುವುದು ಬೇರೆ, ಅವನನ್ನು ಹಾಗೆ ದುಡಿಸಿಕೊಳ್ಳುವ ವ್ಯವಸ್ಥೆಯನ್ನು ಕೆದಕುವುದು ಬೇರೆ. ಸುತ್ತಿಗೆ ಎತ್ತಿದ ತೋಳು ಮೊದಲನೆಯದನ್ನು ಚೆನ್ನಾಗಿಯೇ ಮಾಡುತ್ತದೆ, ಎರಡನೆಯದರ ಗೊಡವೆಗೆ ಹೋಗುವುದಿಲ್ಲ. ಹೊಗಳಿಕೆಗೆ ಯಾರದೂ ತಕರಾರಿಲ್ಲವಲ್ಲ, ಹಾಗಾಗಿ ಮಾಲೀಕನೂ ಸರ್ಕಾರವೂ ಸಂಘವೂ ಒಂದೇ ಅಚ್ಚಿನ ಆಳನ್ನು ಎರಕ ಹೊಯ್ಯಿಸಿ ನಿಲ್ಲಿಸಿಕೊಳ್ಳಬಹುದು. ಇನ್ನು ಶಿಲ್ಪ ಪ್ರಶ್ನಿಸಬಲ್ಲದೇ ಎಂದರೆ, ಖಂಡಿತ ಬಲ್ಲದು. ಆದರೆ ಆ ಪ್ರಶ್ನೆಯನ್ನು ಮುಖದಲ್ಲೋ ತೋಳಿನಲ್ಲೋ ಹುಡುಕಿದರೆ ಸಿಗುವುದು ಕಡಿಮೆ. ಪೀಠ ಎಷ್ಟು ಎತ್ತರ, ವಸ್ತು ಯಾವುದು, ದುಡ್ಡು ಯಾರದು, ಕೈ ಯಾರದು ಎಂದು ನೋಡಿದರೆ ಸಿಗುತ್ತದೆ.

ದುಡಿಯುವವರ ಪ್ರತಿಮೆ ಎಂದಕೂಡಲೇ ಅದು ದುಡಿಯುವವರ ಪರ ಎಂದುಕೊಳ್ಳುವ ಹಾಗಿಲ್ಲ. ತೀರಾ ಹಳೆಯ ಉದಾಹರಣೆ ಈಜಿಪ್ಟಿನದು. ಸುಮಾರು 4,400 ವರ್ಷ ಹಿಂದಿನ ಗೋರಿಗಳಲ್ಲಿ ಸುಣ್ಣಕಲ್ಲಿನ ಪುಟ್ಟ ಗೊಂಬೆಗಳು ಸಿಕ್ಕಿವೆ: ಮಂಡಿಯೂರಿ ಕಾಳು ಅರೆಯುವ ಹೆಂಗಸು, ಮದ್ಯಕ್ಕೆ ಹಿಟ್ಟು ಕಲಸಿ ಸೋಸುವವಳು. ಬಾಗಿದ ಬೆನ್ನು, ಅರೆಗಲ್ಲಿನ ಮೇಲೆ ಊರಿದ ಕೈ, ಎಲ್ಲವೂ ಕಣ್ಣಾರೆ ಕಂಡು ಕಡೆದದ್ದು. ಆದರೆ ಅವನ್ನು ಇಟ್ಟದ್ದು ಒಡೆಯನ ಗೋರಿಯಲ್ಲಿ, ಪರಲೋಕದಲ್ಲೂ ಅವನಿಗೆ ಹಿಟ್ಟಿಗೆ ಕೊರತೆಯಾಗದಿರಲಿ ಎಂದು. ಆಮೇಲಿನ ಕಾಲದ ಉಶಬ್ತಿ ಗೊಂಬೆಗಳಂತೂ ಹಾಜರಿ ಪುಸ್ತಕದ ಹಾಗೆ. ಒಬ್ಬ ಸಿರಿವಂತನ ಜೊತೆ ಹೂಳುತ್ತಿದ್ದ ಪೂರ್ತಿ ಜೋಡಣೆಯಲ್ಲಿ ದಿನಕ್ಕೊಬ್ಬನಂತೆ 365 ಆಳುಗಳು, ಹತ್ತು ಆಳಿಗೊಬ್ಬನಂತೆ ಚಾಟಿ ಹಿಡಿದ 36 ಮೇಸ್ತ್ರಿಗಳು, ಒಟ್ಟು 401. ಸತ್ತ ಮೇಲೂ ಜೀತ ತಪ್ಪಲಿಲ್ಲ, ಮೇಸ್ತ್ರಿಯೂ ತಪ್ಪಲಿಲ್ಲ. ಯಾರು ಯಾರ ಕೈಕೆಳಗೆ ಎಂಬುದನ್ನು ಇಷ್ಟು ಕರಾರುವಾಕ್ಕಾಗಿ ಹೇಳುವ ಶಿಲ್ಪಗಳು ಕಡಿಮೆ. ಹಾಗಿದ್ದೂ ಅವನ್ನು ಮಾಡಿದವರಿಗೆ ಟೀಕೆ ಮಾಡುವ ಉದ್ದೇಶವಿರಲಿಲ್ಲ, ಅವರು ಆಳುಗಳನ್ನು ಪೂರೈಸುತ್ತಿದ್ದರು.

ಇದಕ್ಕೆ ತದ್ವಿರುದ್ಧವಾದ ಒಂದು ಕತೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿಮ್ಮ ಸಮಿತಿಗೆ ಬೇಕಾದ್ದು ಅದರಲ್ಲಿದೆ. 1872ರಿಂದ 1882ರವರೆಗೆ ಸ್ವಿಟ್ಜರ್ಲೆಂಡಿನಲ್ಲಿ ಆಲ್ಪ್ಸ್ ಬೆಟ್ಟದ ಹೊಟ್ಟೆ ಸೀಳಿ 15 ಕಿಲೋಮೀಟರ್ ಉದ್ದದ ಗೊಥಾರ್ಡ್ ರೈಲು ಸುರಂಗ ಕೊರೆದರು. ಕೊರೆದವರಲ್ಲಿ ಹೆಚ್ಚಿನವರು ಇಟಲಿಯಿಂದ ಹೊಟ್ಟೆಪಾಡಿಗೆ ಬಂದವರು. ಅಪಘಾತಗಳಲ್ಲೇ ಸುಮಾರು 200 ಮಂದಿ ಸತ್ತರು. ಒಳಗಿನ ಸೆಕೆ, ಕೊಳಕು ನೀರಿನಲ್ಲಿ ಕೊಕ್ಕೆಹುಳು ಮೈಗೆ ಹೊಕ್ಕು ರಕ್ತ ಬತ್ತಿ ಹೋದವರು ಆ ಲೆಕ್ಕದ ಆಚೆ. 1875ರಲ್ಲಿ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದವರ ಮೇಲೆ ಗುಂಡು ಹಾರಿ ನಾಲ್ವರು ಸತ್ತರು.

ಈ ಸುರಂಗ ಎರಡು ಶಿಲ್ಪಗಳಿಗೆ ಕಾರಣವಾಯಿತು. ಯೋಜನೆಯ ಹಿಂದೆ ನಿಂತಿದ್ದ ಉದ್ಯಮಿ, ರಾಜಕಾರಣಿ ಆಲ್ಫ್ರೆಡ್ ಎಶರ್ ಅವರ ಕಂಚಿನ ಪ್ರತಿಮೆ ಜೂರಿಕ್ ಮುಖ್ಯ ರೈಲು ನಿಲ್ದಾಣದ ಎದುರಿಗೆ, ಕಾರಂಜಿಯ ನಡುವಿನ ಎತ್ತರದ ಪೀಠದ ಮೇಲೆ 1889ರಲ್ಲಿ ಎದ್ದು ನಿಂತಿತು. ಇನ್ನೊಂದು, ವಿನ್ಚೆಂಜೊ ವೆಲಾ ಅವರ 'ದುಡಿಮೆಯ ಬಲಿಗಳು'. ವೆಲಾ ಹುಡುಗನಾಗಿದ್ದಾಗ ಕಲ್ಲು ಒಡೆಯುವ ಕೆಲಸದಿಂದ ಶುರುಮಾಡಿ ಹೆಸರಾಂತ ಶಿಲ್ಪಿಯಾದವರು. ಸುರಂಗ ತೆರೆದ 1882ರಲ್ಲೇ, ಯಾರೂ ಕೇಳದೆ, ಯಾರೂ ಹಣ ಕೊಡದೆ ಈ ದೊಡ್ಡ ಉಬ್ಬುಶಿಲ್ಪವನ್ನು ರೂಪಿಸಿದರು. ಅದರಲ್ಲಿರುವುದು ಇಷ್ಟೇ: ಸತ್ತ ಸಂಗಾತಿಯನ್ನು ಕೆಲಸಗಾರರು ಹೊತ್ತು ಸಾಗುತ್ತಿದ್ದಾರೆ. ಅದರ ಕಂಚಿನ ಎರಕ ಸುರಂಗದ ಬಾಯಿಯಲ್ಲಿರುವ ಐರೋಲೊ ನಿಲ್ದಾಣದ ಬಳಿ ನಿಂತದ್ದು 1932ರಲ್ಲಿ. ಯಜಮಾನನಿಗೆ ಏಳು ವರ್ಷ ಸಾಕಾಯಿತು, ಹೆಣ ಹೊತ್ತವರು ಐವತ್ತು ವರ್ಷ ಕಾಯಬೇಕಾಯಿತು.

ವೆಲಾ ಇದನ್ನು ಸುತ್ತಲೂ ನಡೆದು ನೋಡುವ ಬಿಡಿ ಪ್ರತಿಮೆಯಾಗಿ ಮಾಡದೆ ಉಬ್ಬುಶಿಲ್ಪವಾಗಿ ಮಾಡಿದ್ದರಲ್ಲಿ ದೊಡ್ಡ ಜಾಣ್ಮೆಯಿದೆ. ಬಿಡಿ ಪ್ರತಿಮೆಗೆ ತನ್ನದೇ ಗಾಳಿ ಬೆಳಕು ಇರುತ್ತದೆ, ಅದು ಸ್ವತಂತ್ರ. ಉಬ್ಬುಶಿಲ್ಪದ ಮನುಷ್ಯನ ಬೆನ್ನು ಗೋಡೆಗೆ ಅಂಟಿಕೊಂಡೇ ಇರುತ್ತದೆ, ಪೂರ್ತಿ ಈಚೆ ಬರಲು ಅವನಿಗಾಗುವುದಿಲ್ಲ. ಬಂಡೆಯೊಳಗೆ ದುಡಿದು ಬಂಡೆಯೊಳಗೇ ಸತ್ತವರಿಗೆ ಇದಕ್ಕಿಂತ ಒಪ್ಪುವ ರೂಪ ನನಗಂತೂ ಹೊಳೆಯುವುದಿಲ್ಲ. ನಾನು ರೂಪವೇ ವಾದ ಎಂದು ಹೇಳುವಾಗ ನನ್ನ ಮನಸ್ಸಿನಲ್ಲಿರುವುದು ಇದು.

ಇದೇ ಕಾಲದ ಬೆಲ್ಜಿಯಂ ಶಿಲ್ಪಿ ಕಾನ್ಸ್ಟಂಟಿನ್ ಮ್ಯೂನಿಯೆ (1831–1905) ಇನ್ನೊಂದು ದಾರಿ ಹಿಡಿದರು. ನಡುವೆ ಸುಮಾರು ಮೂವತ್ತು ವರ್ಷ ಶಿಲ್ಪ ಬಿಟ್ಟು ಚಿತ್ರ ಬರೆದುಕೊಂಡಿದ್ದವರು ಗಣಿ, ಕುಲುಮೆಗಳನ್ನು ಕಂಡ ಮೇಲೆ ಮತ್ತೆ ಜೇಡಿಮಣ್ಣಿಗೆ ಕೈ ಹಾಕಿದರು. ಅವರ 'ಪಡ್ಲರ್', ಅಂದರೆ ಕುಲುಮೆಯಲ್ಲಿ ಕರಗಿದ ಕಬ್ಬಿಣವನ್ನು ಕಲಕುವವನು, ಕೆಲಸ ಮಾಡುತ್ತಿಲ್ಲ. ಕೂತಿದ್ದಾನೆ. ಮೈ ಗಟ್ಟಿಮುಟ್ಟಾಗಿಯೇ ಇದೆ, ಆದರೆ ಒಳಗಿನ ಕಸುವೆಲ್ಲ ಬಸಿದುಹೋಗಿದೆ. ನಿಮ್ಮ ಸಮಿತಿಯವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಎತ್ತಿದ ಸುತ್ತಿಗೆ 'ಇವನು ಎಷ್ಟು ದುಡಿಯಬಲ್ಲ' ಎನ್ನುತ್ತದೆ, ಆ ಮಾತು ಮಾಲೀಕನ ಕಿವಿಗೂ ಇಂಪು. ಕುಸಿದು ಕೂತ ಮೈ 'ಇವನನ್ನು ಎಷ್ಟು ದುಡಿಸಿದರು' ಎಂದು ಕೇಳುತ್ತದೆ. 1887ರ ಗಣಿ ಸ್ಫೋಟವೊಂದನ್ನು ಕಂಡ ಮೇಲೆ ಅವರು ಮಾಡಿದ 'ಗ್ರಿಸೂ' (ಗಣಿಯೊಳಗೆ ಸಿಡಿಯುವ ಅನಿಲ) ಶಿಲ್ಪದಲ್ಲಿ ತಾಯಿಯೊಬ್ಬಳು ಹೆಣಗಳ ನಡುವೆ ಮಗನನ್ನು ಗುರುತು ಹಿಡಿದು ಬಾಗಿ ನಿಂತಿದ್ದಾಳೆ. ಅದರಲ್ಲಿ ಅಳುವಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಹಾಗಂತ ಮ್ಯೂನಿಯೆ ಹೊಗಳಿಕೆಯಿಂದ ಪೂರ್ತಿ ಪಾರಾದರು ಎಂದೇನೂ ಅಲ್ಲ. ಅವರ ಕೆಲವು ಆಳುಗಳು ಗ್ರೀಕ್ ದೇವರುಗಳ ತಮ್ಮಂದಿರಂತೆ ಕಾಣುತ್ತಾರೆ.

ಹೊಗಳಿಕೆಯ ತುತ್ತತುದಿ ನೋಡಬೇಕೆಂದರೆ 1937ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಹೋಗಬೇಕು. ಸೋವಿಯತ್ ಮಂಟಪದ ನೆತ್ತಿಯ ಮೇಲೆ ವೆರಾ ಮುಖಿನಾ ರೂಪಿಸಿದ 'ಕಾರ್ಮಿಕ ಮತ್ತು ಸಾಮೂಹಿಕ ಬೇಸಾಯದ ಹೆಣ್ಣು', ಉಕ್ಕಿನ ತಗಡಿನಲ್ಲಿ ಸುಮಾರು 24 ಮೀಟರ್ ಎತ್ತರ, ಕೈಯಲ್ಲಿ ಸುತ್ತಿಗೆ ಕುಡುಗೋಲು, ಎದುರಿಗೆ ನಾಜಿ ಜರ್ಮನಿಯ ಮಂಟಪ. ಶಿಲ್ಪವಾಗಿ ಅದು ಅದ್ಭುತ, ಅದರ ಬೀಸುಹೆಜ್ಜೆಗೆ ಸಾಟಿಯಿಲ್ಲ. ಆದರೆ ಆ ಇಬ್ಬರಿಗೆ ದಣಿವಾಗುವುದೇ ಇಲ್ಲ. ದಣಿಯದ ಆಳು ದೂರು ಕೊಡುವುದೂ ಇಲ್ಲ.

ಚೆನ್ನೈನ ಮರೀನಾ ಕಡಲ ದಂಡೆಯಲ್ಲಿರುವ ದೇವಿಪ್ರಸಾದ್ ರಾಯ್ ಚೌಧುರಿಯವರ 'ದುಡಿಮೆಯ ಗೆಲುವು' (1959) ಈ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ನಾಲ್ಕು ಜನ ಬಂಡೆಯೊಂದನ್ನು ಮೀಟುತ್ತಿದ್ದಾರೆ. ಹೆಸರಿನಲ್ಲಿ ಗೆಲುವಿದೆ, ಆದರೆ ಬಂಡೆ ಇನ್ನೂ ಜರುಗಿಲ್ಲ. ನರ ಬಿಗಿದ ಆ ಮೈಗಳನ್ನು ನೋಡುತ್ತ ನಿಂತರೆ ಗೆಲುವಿನ ಮಾತು ಮರೆತುಹೋಗಿ ಬಂಡೆಯ ಭಾರವೇ ಉಳಿಯುತ್ತದೆ. ಶೀರ್ಷಿಕೆಗಿಂತ ಶಿಲ್ಪವೇ ನಿಜ ಹೇಳುತ್ತಿದೆ ಎಂದು ನನಗೆ ಅನ್ನಿಸುವುದುಂಟು.

ಪೀಠ ಮತ್ತು ವಸ್ತುವಿನ ಮಾತಿಗೆ ಬಂದರೆ ಬಂಗಾಳದ ಶಿಲ್ಪಿ ರಾಮಕಿಂಕರ್ ಬೈಜ್ ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಶಾಂತಿನಿಕೇತನದಲ್ಲಿ 1938ರಲ್ಲಿ ಅವರು ಮಾಡಿದ, ಸಂತಾಲ ಬುಡಕಟ್ಟಿನ ಸಂಸಾರವೊಂದರ ಶಿಲ್ಪ 'ಸಂತಾಲ ಕುಟುಂಬ' ಕಂಚಿನದಲ್ಲ, ಅಮೃತಶಿಲೆಯದೂ ಅಲ್ಲ. ಸಿಮೆಂಟಿಗೆ ಜಂಬಿಟ್ಟಿಗೆ ಹರಳು ಬೆರೆಸಿ, ಕಂಬಿಯ ಹಂದರದ ಮೇಲೆ ಮೆತ್ತಿ ಮಾಡಿದ್ದು. ಗಂಡಸಿನ ಹೆಗಲ ಮೇಲೆ ಅಡ್ಡೆ, ಅಡ್ಡೆಯ ಬುಟ್ಟಿಯಲ್ಲಿ ಮಗು. ಹೆಂಗಸಿನ ತಲೆಯ ಮೇಲೆ ಹೊರೆ, ಸೊಂಟದಲ್ಲಿ ಇನ್ನೊಂದು ಕೂಸು, ಕಾಲ ಬಳಿ ನಾಯಿ. ಸಂಸಾರವನ್ನೇ ಹೊತ್ತುಕೊಂಡು ಕೆಲಸ ಇರುವ ಕಡೆಗೆ ಹೊರಟವರು. ಪೀಠ ಎಷ್ಟು ತಗ್ಗಿನದೆಂದರೆ ನೀವು ತಲೆಯೆತ್ತಿ ನೋಡಬೇಕಿಲ್ಲ, ಅವರು ನಿಮ್ಮ ಪಕ್ಕದಲ್ಲೇ ಹಾದುಹೋಗುತ್ತಾರೆ. ರಾಜರಿಗೆ, ನಾಯಕರಿಗೆ ಮೀಸಲಾಗಿದ್ದ ಆಳೆತ್ತರ ಮೀರಿದ ಗಾತ್ರವನ್ನು ಯಾರ ಪಟ್ಟಿಯಲ್ಲೂ ಇಲ್ಲದ ಒಂದು ಸಂಸಾರಕ್ಕೆ ಕೊಟ್ಟು, ಜೊತೆಗೆ ಪೀಠವನ್ನು ಕಿತ್ತುಕೊಂಡಿದ್ದಾರೆ. ಗೌರವವೂ ಸಿಕ್ಕಿತು, ಪೂಜೆಯೂ ತಪ್ಪಿತು. ತರಿತರಿಯಾದ ಆ ಮೈಯಲ್ಲಿ ಅವರು ನಡೆದುಬಂದ ನೆಲವೇ ಇದೆ.

ಅವರದೇ 1956ರ 'ಮಿಲ್ ಕರೆ' ನನಗೆ ಇನ್ನೂ ಇಷ್ಟ. ಗಿರಣಿಯ ಸೈರನ್ ಕೂಗಿದೆ, ಇಬ್ಬರು ಹೆಂಗಸರು ಓಡುತ್ತಿದ್ದಾರೆ. ಒಗೆದ ಸೀರೆ ಒಣಗಿಸಿಕೊಳ್ಳಲು ಪುರುಸೊತ್ತಿಲ್ಲ, ಓಡುವ ಗಾಳಿಗೇ ಅದು ಹಿಂದೆ ಪಟಪಟಿಸುತ್ತ ಒಣಗಬೇಕು. ಗಾಳಿಗೆ ಹಾರುವ ಬಟ್ಟೆ ಶಿಲ್ಪಿಗಳ ಹಳೆಯ ಚಪಲ, ದೇವತೆಗಳಿಗೂ ವೀರರಿಗೂ ಅದನ್ನು ಕೊಟ್ಟು ಕೊಟ್ಟು ಸವೆಸಿದ್ದಾರೆ. ರಾಮಕಿಂಕರ್ ಅದೇ ಹಾರುವ ಬಟ್ಟೆಯಿಂದ ಗಡಿಯಾರದ ದಬ್ಬಾಳಿಕೆಯನ್ನು ತೋರಿಸಿದರು. ಸೈರನ್ ಎಲ್ಲೂ ಕಾಣುವುದಿಲ್ಲ, ಆದರೆ ಕೇಳಿಸುತ್ತದೆ.

ಮುಂದಿನ ಪೀಳಿಗೆಯ ಕಲಾವಿದರು ಬೇರೊಂದು ಪ್ರಶ್ನೆ ಎತ್ತಿದರು: ನಮ್ಮ ಕಣ್ಣೆದುರೇ ದುಡಿಯುವವರು ನಮಗೇಕೆ ಕಾಣುವುದಿಲ್ಲ? ಅಮೆರಿಕದ ಡುವೇನ್ ಹ್ಯಾನ್ಸನ್ ನಿಜವಾದ ಮೈಗಳಿಂದಲೇ ಅಚ್ಚು ತೆಗೆದು ಕಸ ಗುಡಿಸುವವರು, ಬಣ್ಣ ಹೊಡೆಯುವವರನ್ನು ಕೂದಲು ಬಟ್ಟೆ ಸಮೇತ ಮಾಡಿ ಗ್ಯಾಲರಿಯ ನೆಲದ ಮೇಲೇ ನಿಲ್ಲಿಸಿದರು. ಪೀಠವೂ ಇಲ್ಲ, ಗಾಜೂ ಇಲ್ಲ, ಜನ ನಿಜವಾದ ಕೆಲಸದವರೆಂದೇ ಭಾವಿಸಿ ಮುಂದೆ ಹೋಗುತ್ತಾರೆ. ಹೋಗುವುದೇ ಅದರ ಇರಿತ. ಅದೇ ದೇಶದ ಕಲಾವಿದ ಫ್ರೆಡ್ ವಿಲ್ಸನ್ ಇನ್ನೂ ಹರಿತ. 1991ರ ಅವರ ಕೃತಿಯೊಂದರಲ್ಲಿ ನಾಲ್ಕು ಕಪ್ಪು ಮೈಬಣ್ಣದ ಬೊಂಬೆಗಳು ನ್ಯೂಯಾರ್ಕಿನ ವಸ್ತುಸಂಗ್ರಹಾಲಯಗಳ ಕಾವಲುಗಾರರ ಸಮವಸ್ತ್ರ ತೊಟ್ಟು ನಿಂತಿವೆ, ಒಂದಕ್ಕೂ ತಲೆಯಿಲ್ಲ. ಕಲೆಯನ್ನು ಕಾಯುವವರು ಕಪ್ಪು ಜನ, ಗೋಡೆಯ ಮೇಲಿನ ಹೆಸರುಗಳು ಬಿಳಿಯರವು. ಒಮ್ಮೆ ವಿಲ್ಸನ್ ವಸ್ತುಸಂಗ್ರಹಾಲಯದ ಮಾರ್ಗದರ್ಶಕರನ್ನು ಮಾತನಾಡಿಸಿ, ಮೇಲಿನ ಮಹಡಿಯಲ್ಲಿ ಸಿಗೋಣ ಎಂದು ಹೇಳಿ, ಕಾವಲುಗಾರನ ಉಡುಪು ಹಾಕಿಕೊಂಡು ಅಲ್ಲೇ ನಿಂತರು. ಆಗಷ್ಟೇ ಅವರ ಜೊತೆ ಮಾತಾಡಿದ್ದವರು ಅವರ ಮುಂದೆಯೇ ಹಾದುಹೋಗಿ ಅವರನ್ನು ಹುಡುಕತೊಡಗಿದರು.

ಮರುವರ್ಷ ಬಾಲ್ಟಿಮೋರಿನಲ್ಲಿ ವಿಲ್ಸನ್ ಏನನ್ನೂ ಕಡೆಯದೆ, ಎರಕ ಹೊಯ್ಯದೆ, ಸಂಸ್ಥೆಯೊಂದರ ಉಗ್ರಾಣದಲ್ಲಿದ್ದ ವಸ್ತುಗಳನ್ನು ಬರೀ ಜೋಡಿಸಿದರು. 'ಲೋಹದ ಕೆಲಸ 1793–1880' ಎಂಬ ಫಲಕದಡಿ ಕೆತ್ತನೆಯ ಬೆಳ್ಳಿಯ ಹೂಜಿಗಳು, ಅವುಗಳ ನಡುವೆ ಗುಲಾಮರ ಕಾಲಿಗೆ ಹಾಕುತ್ತಿದ್ದ ಕಬ್ಬಿಣದ ಕೋಳ. ಎರಡೂ ಲೋಹದ ಕೆಲಸವೇ ತಾನೇ?

ನ್ಯೂಯಾರ್ಕಿನ ಕಲಾವಿದೆ ಮಿಯರ್ಲ್ ಲೇಡರ್ಮನ್ ಉಕಲೀಸ್ 1983ರಲ್ಲಿ ಕಸದ ಲಾರಿಯೊಂದರ ಎರಡೂ ಪಕ್ಕಕ್ಕೆ ಕನ್ನಡಿ ಹೊದಿಸಿದರು. ಅದು ಬೀದಿಯಲ್ಲಿ ಸಾಗಿದರೆ ಕಸ ಹಾಕಿದವರ ಮುಖ ಕಸದ ಲಾರಿಯ ಮೇಲೆ. ಅದಕ್ಕೂ ಮುನ್ನ ಅವರು ನಗರದ ಸುಮಾರು 8,500 ಪೌರಕಾರ್ಮಿಕರನ್ನು ಒಬ್ಬೊಬ್ಬರಾಗಿ ಭೇಟಿಯಾಗಿ ಕೈಕುಲುಕಿದ್ದರು, ಅದಕ್ಕೆ ಹನ್ನೊಂದು ತಿಂಗಳು ಹಿಡಿದಿತ್ತು. ಅಷ್ಟು ತಾಳ್ಮೆ ಇದ್ದುದರಿಂದಲೇ ಆ ಕನ್ನಡಿ ಬರೀ ಚಮತ್ಕಾರ ಅನ್ನಿಸುವುದಿಲ್ಲ.

ಇನ್ನು ನೇರವಾಗಿ ಹೊಡೆಯುವವರೂ ಇದ್ದಾರೆ. ಡೆನ್ಮಾರ್ಕಿನ ಯೆನ್ಸ್ ಗಾಲ್ಷಿಯೊಟ್ ಮತ್ತು ಲಾರ್ಸ್ ಕಾಲ್ಮಾರ್ 2002ರಲ್ಲಿ ಮಾಡಿದ ಶಿಲ್ಪದಲ್ಲಿ ಬಡಕಲು ಆಫ್ರಿಕನ್ ಗಂಡಸಿನ ಹೆಗಲ ಮೇಲೆ ಕೊಬ್ಬಿದ ಬಿಳಿ ಹೆಂಗಸು ನ್ಯಾಯದ ತಕ್ಕಡಿ ಹಿಡಿದು ಕೂತಿದ್ದಾಳೆ. ಒಂದು ನೋಟಕ್ಕೆ ಎಲ್ಲ ತಿಳಿಯುತ್ತದೆ, ಎರಡನೆಯ ನೋಟಕ್ಕೆ ಏನೂ ಉಳಿಯುವುದಿಲ್ಲ. ಮೆರವಣಿಗೆಗೆ ಅದು ಸರಿ, ದಿನಾ ಕಣ್ಣಿಗೆ ಬೀಳುವ ಜಾಗಕ್ಕೆ ಅಲ್ಲ ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಕಲಾವಿದೆ ಕಾರಾ ವಾಕರ್ 2014ರಲ್ಲಿ ಅಷ್ಟೇ ದೊಡ್ಡ ಸಂಗತಿಯನ್ನು ಹೇಗೆ ಹಿಡಿದರು ನೋಡಿ. ಬ್ರೂಕ್ಲಿನ್‌ನಲ್ಲಿ ಕೆಡವಲಿದ್ದ ಸಕ್ಕರೆ ಕಾರ್ಖಾನೆಯೊಳಗೆ ಸುಮಾರು 23 ಮೀಟರ್ ಉದ್ದದ ಸ್ಫಿಂಕ್ಸ್, ಅಂದರೆ ಈಜಿಪ್ಟಿನಲ್ಲಿರುವಂಥ ಸಿಂಹದ ಮೈಯ ಪ್ರತಿಮೆ, ಮುಖ ಮಾತ್ರ ತಲೆಗೆ ವಸ್ತ್ರ ಕಟ್ಟಿದ ಕಪ್ಪು ಹೆಂಗಸಿನದು, ಮೈಯೆಲ್ಲ ಬೆಳ್ಳನೆಯ ಸಕ್ಕರೆ. ಸುತ್ತ ಕಾಕಂಬಿ ಬಣ್ಣದ ಹುಡುಗರು. ದಿನ ಕಳೆದಂತೆ ಅವರಲ್ಲಿ ಕೆಲವರು ಕರಗಿ, ಕೈಕಾಲು ಕಳಚಿ ಬಿದ್ದರು. ಕಬ್ಬಿನ ತೋಟಗಳಲ್ಲಿ ಗುಲಾಮರ ಮೈ ಸವೆಸಿ ಬಂದ ಸಿಹಿಯ ಚರಿತ್ರೆಯನ್ನು ಸಕ್ಕರೆಯೇ ಹೇಳಿತು. ನೋಡಬಂದವರಲ್ಲಿ ಕೆಲವರು ಆ ಮೈಯ ಮುಂದೆ ನಿಂತು ಕುಚೇಷ್ಟೆಯ ಫೋಟೊ ತೆಗೆಸಿಕೊಂಡರು. ಅಂಥವರನ್ನೂ ವಾಕರ್ ಚಿತ್ರೀಕರಿಸಿಟ್ಟುಕೊಂಡರು.

ಈಗ ನಿಮ್ಮ ಎರಡನೆಯ ಪ್ರಶ್ನೆ, ಬೂಟಾಟಿಕೆಯದು. ಶಿಲ್ಪ ಒಂಟಿ ಕೈಯ ಕೆಲಸ ಎಂಬುದೇ ಒಂದು ಕಟ್ಟುಕತೆ. ಫ್ರಾನ್ಸಿನ ಹೆಸರಾಂತ ಶಿಲ್ಪಿ ರೋಡಿನ್ ಅವರ ಅಮೃತಶಿಲೆಯ ಕೃತಿಗಳನ್ನು ಹೆಚ್ಚಾಗಿ ಕಡೆದವರು ಕೂಲಿಗೆ ಗೊತ್ತಾದ ಕಲ್ಲುಕುಟಿಗರು. ರೋಡಿನ್ ಮಣ್ಣಿನಲ್ಲಿ ರೂಪಿಸಿ ಕೊಟ್ಟು, ನಿಂತು ತಿದ್ದಿಸುತ್ತಿದ್ದರು. ಕಲ್ಲಿನ ಮೇಲೆ ಉಳಿದದ್ದು ಒಂದೇ ಹೆಸರು. ಚೀನಾದ ಕಲಾವಿದ ಐ ವೇವೇ 2010ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಸಭಾಂಗಣದಲ್ಲಿ 10 ಕೋಟಿ ಸೂರ್ಯಕಾಂತಿ ಬೀಜಗಳನ್ನು ಸುರಿದಾಗ ಈ ವಿಷಯವನ್ನೇ ಎದುರಿಗೆ ತಂದಿಟ್ಟರು. ಎಲ್ಲವೂ ಪಿಂಗಾಣಿಯವು, ಒಂದೊಂದನ್ನೂ ಚೀನಾದ ಜಿಂಗ್‌ಡೆಜೆನ್ ಊರಿನ ಸುಮಾರು 1,600 ಕುಶಲಕರ್ಮಿಗಳು ಕೈಯಲ್ಲೇ ಬಣ್ಣ ಹಚ್ಚಿ ಮಾಡಿದ್ದು. ದೂರದಿಂದ ಬೂದುಬಣ್ಣದ ರಾಶಿ, ಬಗ್ಗಿ ಎತ್ತಿಕೊಂಡರೆ ಯಾರದೋ ಕುಂಚದ ಗೆರೆ. ಅಗ್ಗದ ಸಾಮಾನಿನ ಹಿಂದೆ ಕೈಗಳಿರುತ್ತವೆ ಎಂಬುದು ಇದಕ್ಕಿಂತ ಚೆನ್ನಾಗಿ ಹೊಳೆಯುವುದಿಲ್ಲ. ಮೊದಲು ಜನ ಅದರ ಮೇಲೆ ನಡೆದಾಡಬಹುದಿತ್ತು, ಏಳುವ ಪಿಂಗಾಣಿ ಧೂಳು ಆರೋಗ್ಯಕ್ಕೆ ಕೆಟ್ಟದ್ದೆಂದು ಕೆಲವೇ ದಿನಗಳಲ್ಲಿ ನಿಲ್ಲಿಸಿದರು. ಮಾಡಿದವರ ಸಂಖ್ಯೆ ನಮಗೆ ಗೊತ್ತು. ಹೆಸರುಗಳು ಗೋಡೆಯ ಮೇಲೆ ಇರಲಿಲ್ಲ. ಆ ಕೃತಿಯನ್ನು ಬೂಟಾಟಿಕೆ ಎನ್ನಲು ನನಗೆ ಮನಸ್ಸು ಬಾರದು, ಆದರೆ ಅರ್ಧದಾರಿಯಲ್ಲಿ ನಿಂತಿತು ಎನ್ನುತ್ತೇನೆ.

ಹಣ ಕೊಟ್ಟವರ ವಿಷಯವೂ ಹಾಗೆಯೇ. 2017ರಲ್ಲಿ ನ್ಯೂಯಾರ್ಕಿನ ವಾಲ್ ಸ್ಟ್ರೀಟ್ ಬಳಿ, ಷೇರುಪೇಟೆಯ ಸಂಕೇತವಾದ ಗೂಳಿಯ ಪ್ರತಿಮೆಗೆ ಎದುರಾಗಿ ಸೊಂಟದ ಮೇಲೆ ಕೈಯಿಟ್ಟು ನಿಂತ ಹುಡುಗಿಯ ಕಂಚಿನ ಪ್ರತಿಮೆ ಬಂತು. ಕಂಪನಿಗಳ ಮೇಲ್ದರ್ಜೆಯಲ್ಲಿ ಹೆಂಗಸರಿಲ್ಲ ಎಂದು ಹೇಳಲು ಅದನ್ನು ಇಡಿಸಿದ್ದು ಸ್ಟೇಟ್ ಸ್ಟ್ರೀಟ್ ಎಂಬ ಹಣಕಾಸು ಸಂಸ್ಥೆ. ಅದೇ ವರ್ಷ, ತನ್ನ ಮಹಿಳಾ ಮತ್ತು ಕಪ್ಪು ಅಧಿಕಾರಿಗಳಿಗೆ ಕಡಿಮೆ ಸಂಬಳ ಕೊಟ್ಟ ಆರೋಪವನ್ನು ಒಪ್ಪಿಕೊಳ್ಳದೆಯೇ, ಸುಮಾರು 50 ಲಕ್ಷ ಡಾಲರ್ ಕೊಟ್ಟು ಆ ಸಂಸ್ಥೆ ರಾಜಿ ಮಾಡಿಕೊಂಡಿತು. ಶಿಲ್ಪಿ ಕ್ರಿಸ್ಟನ್ ವಿಸ್ಬಲ್ ಅವರ ಹುಡುಗಿಯ ದಿಟ್ಟತನವೇನೂ ಅದರಿಂದ ಕಡಿಮೆಯಾಗಲಿಲ್ಲ. ಆದರೆ ಆಮೇಲೆ ಅವಳು ಗೂಳಿಯ ಬದಲು ಬೇರೆಯವರನ್ನೇ ದಿಟ್ಟಿಸುತ್ತಿದ್ದಾಳೆ ಅನ್ನಿಸತೊಡಗಿತು.

ಕೊನೆಯದಾಗಿ, ಎಲ್ಲ ಪ್ರಶ್ನೆಗೂ ಒಟ್ಟಿಗೆ ಉತ್ತರವಿರುವ ಒಂದು ಶಿಲ್ಪ. ಅಮೆರಿಕದ ವರ್ಮಾಂಟ್ ರಾಜ್ಯದ ಬ್ಯಾರಿ ಎಂಬುದು ಗ್ರಾನೈಟ್ ಗಣಿಗಳ ಊರು, ಅಲ್ಲಿನ ಕಲ್ಲುಕುಟಿಗರಲ್ಲಿ ಬಹಳ ಮಂದಿ ಇಟಲಿಯವರು. ಗಾಳಿಯ ಒತ್ತಡದಿಂದ ನಡೆಯುವ ಉಳಿಗಳು ಬಂದ ಮೇಲೆ ಕೆಲಸ ಬೇಗ ಸಾಗಿತು, ಧೂಳೂ ಹೆಚ್ಚಿತು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್‌ನಿಂದ ಎಷ್ಟೋ ಜನ ನಡುವಯಸ್ಸಿನಲ್ಲೇ ಹೋದರು. ಧೂಳು ಹೀರುವ ಯಂತ್ರಗಳು ಎಲ್ಲ ಕಡೆ ಬರಲು 1930ರ ದಶಕ ಮುಗಿಯುತ್ತ ಬರಬೇಕಾಯಿತು. ಅಂದರೆ ಇತರರ ಗೋರಿಗಲ್ಲು ಕಡೆಯುತ್ತಲೇ ಆ ಜನ ತಮ್ಮ ಗೋರಿ ತೋಡಿಕೊಳ್ಳುತ್ತಿದ್ದರು. ಅವರಲ್ಲೊಬ್ಬ ನುರಿತ ಕಲ್ಲುಕುಟಿಗ ಎಲಿಯಾ ಕೋರ್ಟಿ. 1903ರಲ್ಲಿ ಕಾರ್ಮಿಕರ ಸಭಾಭವನದಲ್ಲಿ ನಡೆದ ರಾಜಕೀಯ ಜಗಳದಲ್ಲಿ ಗುಂಡೇಟು ತಗುಲಿ ಅವನು ಸತ್ತ. ಅವನ ಸಹೋದರನೂ ನೆಂಟನೂ ಸೇರಿ ಅವನ ಗೋರಿಯ ಮೇಲೆ ಆಳೆತ್ತರದ ಪ್ರತಿಮೆ ಕಡೆದರು, ಒಂದೇ ಗ್ರಾನೈಟ್ ಬಂಡೆಯಲ್ಲಿ. ಒಳ್ಳೆಯ ಬಟ್ಟೆ ತೊಟ್ಟು, ಕೆನ್ನೆಗೆ ಕೈ ಕೊಟ್ಟು ಕೂತಿದ್ದಾನೆ. ಅಂಗಿಯ ಗುಂಡಿಯಿಂದ ಬಟ್ಟೆಯ ಸುಕ್ಕಿನವರೆಗೆ ಎಲ್ಲವೂ ಸ್ಪಷ್ಟ. ಪಕ್ಕದಲ್ಲಿ ಅವನ ಉಪಕರಣಗಳು ಸುಮ್ಮನೆ ಬಿದ್ದಿವೆ. ಕಡೆದವರೂ ಕಲ್ಲುಕುಟಿಗರು, ಕಡೆಸಿಕೊಂಡವನೂ ಕಲ್ಲುಕುಟಿಗ. ತೋಳು ಎತ್ತಿಲ್ಲ, ಮೈ ಬಿಗಿದಿಲ್ಲ. ಅವನು ಏನನ್ನೋ ಯೋಚಿಸುತ್ತಿದ್ದಾನೆ, ಅಷ್ಟು ಬಿಡುವು ಅವನಿಗೆ ಸಿಕ್ಕಿದೆ.

ಆದ್ದರಿಂದ ನಿಮ್ಮ ಸಮಿತಿಗೆ ನನ್ನ ಸಲಹೆ ಹೀಗೆ. ಪೀಠ ಒಂದು ಗೇಣಿಗಿಂತ ಎತ್ತರ ಬೇಡ. ಸುತ್ತಿಗೆ ಇರಲಿ, ಆದರೆ ನೆಲದ ಮೇಲಿರಲಿ. ಆಳು ಗಂಡಸೇ ಆಗಿರಬೇಕೆಂದು ಯಾರೂ ಹೇಳಿಲ್ಲ. ನಿಮ್ಮ ಕೆಲಸದಲ್ಲಿ ಬಳಸುವ ವಸ್ತುವಿನಿಂದಲೇ ಮಾಡಲು ಸಾಧ್ಯವಾದರೆ ಕಂಚನ್ನು ಮರೆತುಬಿಡಿ, ಖರ್ಚೂ ಕಡಿಮೆ. ಮಾಲೀಕರು ಹಣ ಕೊಡಲು ಮುಂದೆ ಬಂದರೆ ಮೊದಲು ಬಾಕಿ ಕೂಲಿ ಚುಕ್ತಾ ಆಗಿದೆಯೇ ನೋಡಿಕೊಳ್ಳಿ. ಕಂಚೇ ಬೇಕೆಂದಾದರೆ ಮೇಣ ತಿದ್ದಿದವರು, ಅಚ್ಚು ಕಟ್ಟಿದವರು, ಲೋಹ ಕರಗಿಸಿ ಹೊಯ್ದವರು, ಬೆಸುಗೆ ಹಾಕಿ ಉಜ್ಜಿದವರು, ಎತ್ತಿ ನಿಲ್ಲಿಸಿದವರು, ಎಲ್ಲರ ಹೆಸರನ್ನೂ ಪೀಠದ ಮೇಲೆ ಶಿಲ್ಪಿಯ ಹೆಸರಿನ ಜೊತೆಗೇ ಕೆತ್ತಿಸಿ. ಸಮಿತಿಯ ಪದಾಧಿಕಾರಿಗಳ ಹೆಸರೂ ಇರಲೇಬೇಕೆಂದು ಯಾರಾದರೂ ಪಟ್ಟು ಹಿಡಿದರೆ, ಇರಲಿ. ಆದರೆ ಅದು ಕೊನೆಯಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ.